ಒಂಟಿ ಕಚೇರಿಗೆ ಎರಡನೆಯ ಕಣ್ಣು

(ಶತಮಾನೋತ್ಸವದ ಅಂಗವಾಗಿ ಜರುಗಿದ ಹಳೆಯ ವಿದ್ಯಾರ್ಥಿ ವಕೀಲರ ಸ್ನೇಹಕೂಟದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಶತಮಾನೋತ್ಸವದ ನಿಮಿತ್ತ ನಮ್ಮ ಶಾಲೆಯಲ್ಲಿ ಕಲಿತವರನ್ನು ಅವರವರ ವೃತ್ತಿಗೆ ಅನುಗುಣವಾಗಿ ಒಂದೊಂದು ದಿನ ಬರಮಾಡಿಕೊಳ್ಳುತ್ತಿದ್ದೇವೆ. ಇಂದು ವಕೀಲರ ದಿನ. ಒಂದು ಕಾಲಕ್ಕೆ ಇದೇ ಬೆಂಚುಗಳ ಮೇಲೆ ಕುಳಿತು ಮಗ್ಗಿ ಒಪ್ಪಿಸಿದವರು ಇಂದು ಗಡಹಿಂಗ್ಲಜದ ನ್ಯಾಯಾಲಯದಲ್ಲಿ ಹೊಲಮನೆಗಳ ದಾವೆ ನಡೆಸುತ್ತಿದ್ದೀರಿ. ಇಚಲಕರಂಜಿಯಲ್ಲಿ ಮಗ್ಗದ ಮಾಲೀಕರ, ನೂಲಿನ ವ್ಯಾಪಾರಿಗಳ ಲೇವಾದೇವಿಯ ವ್ಯಾಜ್ಯಗಳನ್ನು ನೋಡಿಕೊಳ್ಳುತ್ತಿದ್ದೀರಿ. ಕೆಲವರು ಕೊಲ್ಹಾಪುರದಲ್ಲಿಯೇ ನೆಲೆಸಿದ್ದೀರಿ. ನಿಮ್ಮೆಲ್ಲರನ್ನು ನೋಡಿ ನಮಗೆ ಹೆಮ್ಮೆಯೆನಿಸುತ್ತದೆ.

ಕನ್ನಡ ಮನೆಮಾತಿನ ಮಕ್ಕಳಿಗೆ ಕಾನೂನಿನ ದಾರಿಯು ಕೊಲ್ಹಾಪುರದ ಮೂಲಕ ಸಾಗುವುದು ಹೊಸ ಸಂಗತಿಯಲ್ಲ. ಜಮಖಂಡಿ ಸೀಮೆಯ ಸಾವಳಗಿಯಲ್ಲಿ 1912ರಲ್ಲಿ ಜನಿಸಿದ ಬಿ. ಡಿ. ಜತ್ತಿಯವರು ಇಲ್ಲಿಯ ರಾಜಾರಾಮ ಕಾಲೇಜಿನಲ್ಲಿ ಪದವಿ ಪಡೆದು, ಸೈಕ್ಸ್ ಲಾ ಕಾಲೇಜಿನಲ್ಲಿ ಕಾನೂನು ಓದಿ, ಜಮಖಂಡಿಗೆ ಮರಳಿ ಕೆಲಕಾಲ ವಕೀಲಿ ಮಾಡಿದರು. ಮುಂದೆ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳೂ ದೇಶದ ಉಪರಾಷ್ಟ್ರಪತಿಗಳೂ ಆದದ್ದನ್ನು ನಾವು ಮಕ್ಕಳಿಗೆ ಅಭಿಮಾನದಿಂದ ಹೇಳುತ್ತೇವೆ. ಆದರೆ ಇಂದು ನಾನು ಮಾತನಾಡಬೇಕೆಂದಿರುವುದು ದೊಡ್ಡ ಹುದ್ದೆಗೇರಿದವರನ್ನು ಕುರಿತಲ್ಲ. ಒಂದು ಕೋಣೆ, ಒಂದು ಮೇಜು, ಗೋಡೆಗೆ ಒಂದು ಕಪಾಟು, ಒಬ್ಬ ಗುಮಾಸ್ತ ಅಥವಾ ಅವನೂ ಇಲ್ಲದ ಸ್ಥಿತಿ. ಇಷ್ಟರಲ್ಲಿ ಒಂಟಿಯಾಗಿ ವಕೀಲಿ ನಡೆಸುವವರನ್ನು ಕುರಿತು. ಇಲ್ಲಿ ಕುಳಿತವರಲ್ಲಿ ಬಹುತೇಕರು ಅಂಥವರೇ ಆಗಿದ್ದೀರಿ.

ನಾನು ವಕೀಲಳಲ್ಲ. ಕನ್ನಡ ಎಂ.ಎ., ಬಿ.ಇಡಿ. ಮಾಡಿಕೊಂಡು ಮೂರು ದಶಕ ಪಾಠ ಹೇಳಿದವಳು. ಆದರೆ ವಕೀಲರ ಮನೆಯಲ್ಲಿ ಬೆಳೆದವಳು. ನನ್ನ ತಂದೆಯವರು ಇದೇ ಶಾಲೆಯಲ್ಲಿ ಕಲಿತು, ಮುಂದೆ ಕಾನೂನು ಓದಿ, ನಮ್ಮ ಮನೆಯ ಪಡಸಾಲೆಯಲ್ಲಿಯೇ ಕಚೇರಿ ನಡೆಸಿದರು. ಅವರ ವೃತ್ತಿಜೀವನದ ಒಂದು ಸೋಲನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಅವರು ಬದುಕಿದ್ದಾಗಲೇ ಇದನ್ನು ಹೇಳಲು ನನಗೆ ಅನುಮತಿ ಕೊಟ್ಟಿದ್ದರು.

ನಾನಾಗ ನಾಲ್ಕನೆಯ ಇಯತ್ತೆಯಲ್ಲಿದ್ದೆ. ನಮ್ಮ ಪರಿಚಯದ ಒಬ್ಬ ವಿಧವೆ ತಾಯಿಗೆ ಸಂಕೇಶ್ವರದ ದಾರಿಯಲ್ಲಿ ಗಡಿ ದಾಟಿದ ಮೇಲೆ ಎರಡು ತುಂಡು ಜಮೀನು ಇದ್ದವು. ಒಂದನ್ನು ಆಕೆ ಗೇಣಿಗೆ ಕೊಟ್ಟಿದ್ದಳು. ಇನ್ನೊಂದನ್ನು ಕೂಲಿಯಾಳುಗಳಿಂದ ತಾನೇ ಮಾಡಿಸುತ್ತಿದ್ದಳು. ಗೇಣಿದಾರನು ಎರಡೂ ತುಂಡುಗಳನ್ನು ತನ್ನ ಹೆಸರಿಗೆ ಕೇಳಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದನು. ನೋಟೀಸು ಬಂತು. ಆಕೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಪಡಸಾಲೆಗೆ ಬಂದಳು.

ತಂದೆಯವರು ಕಲಿತದ್ದು ಮುಂಬಯಿ ಗೇಣಿ ಕಾನೂನು, 1948ರದು. ಒಂದು ಕಾಲಕ್ಕೆ ಗಡಹಿಂಗ್ಲಜಕ್ಕೂ ಸಂಕೇಶ್ವರಕ್ಕೂ ಅದೇ ಕಾನೂನು ಇತ್ತು. ಅದರಲ್ಲಿ ಭೂಮಾಲಕಿಯು ವಿಧವೆಯಾಗಿದ್ದರೆ ಗೇಣಿದಾರನ ಖರೀದಿಯ ಹಕ್ಕನ್ನು ಮುಂದೂಡುವ ರಕ್ಷಣೆಯುಂಟು. ಆ ಆಧಾರದ ಮೇಲೆ ಅವರು ಆಕೆಯ ಸಹಿಯಿಂದ ಒಂದು ಉತ್ತರ ಬರೆದು ರಜಿಸ್ಟರ್ ಅಂಚೆಯಲ್ಲಿ ಕಳಿಸಿದರು. ‘ನೀನು ವಿಧವೆ, ನಿನ್ನ ಭೂಮಿಗೆ ಭಯವಿಲ್ಲ, ಅಲ್ಲಿಯವರೆಗೆ ಹೋಗುವ ಕಾರಣವಿಲ್ಲ’ ಎಂದು ಧೈರ್ಯ ಹೇಳಿದರು.

ಆದರೆ 1956ರ ನವೆಂಬರ್ 1ರಂದು ರಾಜ್ಯ ಪುನರ್‌ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆಯು ಚಂದಗಡ ತಾಲೂಕನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ಆಚೆಗೆ 1965ರಿಂದ ಬೇರೆಯೇ ಭೂಸುಧಾರಣಾ ಕಾನೂನು ಜಾರಿಗೆ ಬಂದಿತ್ತು. ದೇವರಾಜ ಅರಸರ ಕಾಲದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರಕಾರದಲ್ಲಿ ನಿಹಿತವಾಗಿ, ಉಳುವವನಿಗೆ ಒಡೆತನ ಕೊಡುವ ವ್ಯವಸ್ಥೆಯಾಗಿತ್ತು. ಅಲ್ಲಿ ಸೈನಿಕರಿಗೂ ನಾವಿಕರಿಗೂ ವಿನಾಯಿತಿ ಉಳಿದಿತ್ತು, ವಿಧವೆಯರಿಗೆ ಉಳಿದಿರಲಿಲ್ಲ. ಮೇಲಾಗಿ ಆ ದಿನಗಳಲ್ಲಿ ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಆ ನಿಷೇಧವನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 1987ರಲ್ಲಿ. ಅಂದರೆ ಆಕೆ ಸ್ವತಃ ಹೋಗಿ ಮಾತನಾಡಲೇಬೇಕಾಗಿತ್ತು.

ಆಕೆ ಹೋಗಲಿಲ್ಲ. ಎರಡೂ ತುಂಡುಗಳು ಹೋದವು. ಗೇಣಿಗೆ ಕೊಟ್ಟ ತುಂಡು ಕಾನೂನಿನಂತೆ ಹೋಗತಕ್ಕದ್ದೇ ಆಗಿತ್ತು. ಮೈಮುರಿದು ಉತ್ತವನಿಗೆ ಅದು ದಕ್ಕಿದ್ದರಲ್ಲಿ ಅನ್ಯಾಯವಿಲ್ಲವೆಂದು ತಂದೆಯವರೇ ಹೇಳುತ್ತಿದ್ದರು. ಆದರೆ ಎರಡನೆಯ ತುಂಡು? ಆಕೆ ನೆರೆಹೊಲದ ಇಬ್ಬರನ್ನು ಕರೆದುಕೊಂಡು ಹೋಗಿ ‘ಇದನ್ನು ನಾನೇ ಮಾಡಿಸುತ್ತೇನೆ’ ಎಂದು ಹೇಳಿದ್ದರೆ ಅದು ಉಳಿಯುವ ಸಂಭವವಿತ್ತು. ಬೆಂಗಳೂರಿನ ಹೈಕೋರ್ಟಿಗೆ ಹೋಗುವ ಶಕ್ತಿ ಆಕೆಗಿರಲಿಲ್ಲ.

ಸಂಕೇಶ್ವರ ನಮ್ಮಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿ ತಂದೆಯವರಿಗೆ ಪರಿಚಿತರಾದ ವಕೀಲರಿದ್ದರು. ಅವರನ್ನು ಏಕೆ ಕೇಳಲಿಲ್ಲವೆಂದು ನಾನು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, ‘ಕೇಳಿದ್ದರೆ ಒಂದು ಕಪ್ಪು ಚಹಾದ ಖರ್ಚಿನಲ್ಲಿ ಮುಗಿಯುತ್ತಿತ್ತು. ಕೇಳುವುದಕ್ಕೆ ನಾಚಿಕೆಯಾಯಿತು’ ಎಂದರು.

ಬಂಧುಗಳೇ, ಆ ನಾಚಿಕೆಯ ಬೆಲೆಯನ್ನು ತೆತ್ತವರು ತಂದೆಯವರಲ್ಲ, ಆ ತಾಯಿ. ನಾನು ಇಂದು ಹೇಳಬೇಕಾದ ಮಾತು ಇಷ್ಟೇ. ಒಂಟಿಯಾಗಿ ಕೆಲಸ ಮಾಡುವವನು ಇನ್ನೊಬ್ಬರನ್ನು ಕೇಳುವುದು ಅವನ ಸ್ವಂತ ಅನುಕೂಲದ ಮಾತಲ್ಲ. ತನ್ನನ್ನು ನಂಬಿ ಬಂದವರಿಗೆ ಅವನು ಸಲ್ಲಿಸಬೇಕಾದ ಋಣ.

ತನ್ನ ಬೆನ್ನು ತನಗೆ ಕಾಣದು ಎಂಬ ಮಾತುಂಟು. ದೊಡ್ಡ ಊರಿನ ದೊಡ್ಡ ಕಚೇರಿಯಲ್ಲಿ ಕಿರಿಯನು ಬರೆದದ್ದನ್ನು ಹಿರಿಯನು ನೋಡುತ್ತಾನೆ, ಹಿರಿಯನು ಮರೆತದ್ದನ್ನು ಗುಮಾಸ್ತನು ನೆನಪಿಸುತ್ತಾನೆ. ಸಣ್ಣ ಕಚೇರಿಯಲ್ಲಿ ಬರೆಯುವವನೂ ನೋಡುವವನೂ ಒಬ್ಬನೇ. ಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಳ್ಳುವ ವಿದ್ಯಾರ್ಥಿಯ ಸ್ಥಿತಿ ಅದು. ಅವನು ಪ್ರಾಮಾಣಿಕನಾಗಿರಬಹುದು. ಆದರೂ ತನಗೆ ಗೊತ್ತಿಲ್ಲದ ತಪ್ಪು ಅವನ ಕಣ್ಣಿಗೆ ಬೀಳಲಾರದು.

ಕೇಳಲು ಹಿಂಜರಿಯುವುದಕ್ಕೆ ಕಾರಣಗಳಿಲ್ಲವೆಂದು ನಾನು ಹೇಳುವುದಿಲ್ಲ. ವಕೀಲರು ಜಾಹೀರಾತು ಕೊಡುವುದನ್ನು ಬಾರ್ ಕೌನ್ಸಿಲಿನ ನಿಯಮಗಳು ನಿಷೇಧಿಸಿವೆ. ಆದ್ದರಿಂದ ಸಣ್ಣ ಊರಿನಲ್ಲಿ ವಕೀಲನ ಬಂಡವಾಳವೆಂದರೆ ಜನರ ಬಾಯಿಮಾತು. ‘ಅವನಿಗೆ ಗೊತ್ತಿಲ್ಲವಂತೆ, ಬೇರೆಯವರನ್ನು ಕೇಳುತ್ತಾನಂತೆ’ ಎಂಬ ಒಂದು ಮಾತು ಹರಡಿದರೆ ಕಚೇರಿಯ ಬಾಗಿಲು ತಟ್ಟುವವರು ಕಡಿಮೆಯಾಗುತ್ತಾರೆಂಬ ಭಯವಿದೆ. ಕೇಳಿದ ವಕೀಲನೇ ನಾಳೆ ಎದುರುಪಕ್ಷದಲ್ಲಿ ನಿಲ್ಲಬಹುದು, ಕಕ್ಷಿದಾರನನ್ನೇ ಸೆಳೆದುಕೊಳ್ಳಬಹುದು ಎಂಬ ಅಳುಕೂ ಇದೆ. ಈ ಭಯಗಳಿಗೆ ಉತ್ತರವೆಂದರೆ ಯಾರನ್ನು, ಹೇಗೆ ಕೇಳಬೇಕೆಂಬುದನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು. ಕೇಳದೇ ಇರುವುದರಿಂದ ಭಯ ಹೋಗುವುದಿಲ್ಲ.

ಮಹಾತ್ಮಾ ಗಾಂಧಿಯವರ ವಕೀಲಿಯ ಆರಂಭವನ್ನು ನೆನೆಯಿರಿ. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ತಮ್ಮ ಮೊದಲ ಮೊಕದ್ದಮೆಯಲ್ಲಿ ಸಾಕ್ಷಿಯನ್ನು ಪ್ರಶ್ನಿಸಲು ಎದ್ದು ನಿಂತ ಅವರಿಗೆ ಬಾಯಿಯೇ ಬರಲಿಲ್ಲ. ಮೊಕದ್ದಮೆಯನ್ನು ಬೇರೊಬ್ಬ ವಕೀಲರಿಗೆ ಒಪ್ಪಿಸುವಂತೆ ಹೇಳಿ, ಪಡೆದ 30 ರೂಪಾಯಿ ಶುಲ್ಕವನ್ನು ಮರಳಿಸಿ ಹೊರಬಂದರು. ಮುಂದೆ ದಕ್ಷಿಣ ಆಫ್ರಿಕದಲ್ಲಿ ದಾದಾ ಅಬ್ದುಲ್ಲಾ ಅವರ ಮೊಕದ್ದಮೆ ಬಂದಾಗ ಅದರ ತಿರುಳೆಲ್ಲ ಲೆಕ್ಕಪತ್ರಗಳಲ್ಲಿತ್ತು. ಕಾಗದಗಳಲ್ಲಿದ್ದ ಒಂದು ವ್ಯಾಪಾರೀ ಸಂಕೇತದ ಅರ್ಥವನ್ನು ಗುಮಾಸ್ತನಿಂದ ಕೇಳಿ ತಿಳಿದು, ಜಮಾಖರ್ಚಿನ ಪುಸ್ತಕವೊಂದನ್ನು ಕೊಂಡು ಓದಿದರು. ಇನ್ನೊಂದು ಮೊಕದ್ದಮೆಯಲ್ಲಿ ನ್ಯಾಯ ತಮ್ಮ ಕಕ್ಷಿದಾರನ ಕಡೆಗಿದ್ದೂ ಕಾನೂನು ವಿರುದ್ಧವಾಗಿರುವಂತೆ ತೋರಿದಾಗ, ಆ ನಾಡಿನ ಹಿರಿಯ ಬ್ಯಾರಿಸ್ಟರ್ ಲಿಯೊನಾರ್ಡರ ಬಳಿಗೆ ಹೋದರು. ಸಂಗತಿಗಳನ್ನು ಸರಿಯಾಗಿ ಹಿಡಿದರೆ ಕಾನೂನು ತಾನಾಗಿ ಒದಗುತ್ತದೆಂಬ ಅರಿವು ಅವರಿಗೆ ಅಲ್ಲಿ ದೊರೆಯಿತು. ಗುಮಾಸ್ತನನ್ನೂ ಕೇಳಿದರು, ಬ್ಯಾರಿಸ್ಟರರನ್ನೂ ಕೇಳಿದರು. ಎರಡರಲ್ಲಿಯೂ ಅವರಿಗೆ ಕುಂದೆನಿಸಲಿಲ್ಲ.

ಇಚಲಕರಂಜಿಯ ನನ್ನ ವಿದ್ಯಾರ್ಥಿಗಳಿಗೆ ಈ ಲೆಕ್ಕದ ಮಾತು ಬೇಗ ಮನವರಿಕೆಯಾದೀತು. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಂದಿನಿಂದ ಆ ಊರು ನೂಲಿನ ಉದ್ದರಿಯ ಮೇಲೆ ಬೆಳೆದಿದೆ. ಅಲ್ಲಿ ಚೆಕ್ಕು ಮರಳಿದಾಗ ಬ್ಯಾಂಕಿನ ಸೂಚನೆ ಬಂದ 30 ದಿನಗಳೊಳಗೆ ನೋಟೀಸು ಕೊಡಬೇಕು. ನೋಟೀಸು ಮುಟ್ಟಿದ ಮೇಲೆ 15 ದಿನ ಕಾಯಬೇಕು. ಅನಂತರ ಒಂದು ತಿಂಗಳಲ್ಲಿ ಫಿರ್ಯಾದು ಹಾಕಬೇಕು. ಒಬ್ಬನೇ ಇರುವ ಕಚೇರಿಯಲ್ಲಿ ಜ್ವರ ಬಂದ ಒಂದು ವಾರ ಸಾಕು, ನೋಟೀಸಿನ ಗಡುವು ದಾಟಿಹೋಗಲು. ಆದ್ದರಿಂದ ಗಡುವಿನ ದಿನಾಂಕಗಳು ಎರಡು ಕಡೆ ಬರೆದಿರಲಿ: ಒಂದು ನಿಮ್ಮ ಡೈರಿಯಲ್ಲಿ, ಇನ್ನೊಂದು ನೀವು ನಂಬುವ ಇನ್ನೊಬ್ಬರ ಬಳಿಯಲ್ಲಿ. ಲೆಡ್ಜರು ತಿಳಿಯದಿದ್ದರೆ ಲೆಕ್ಕಿಗರನ್ನು ಕೇಳಿರಿ, ಹೊಲದ ಬಾಂದು ತಿಳಿಯದಿದ್ದರೆ ಮೋಜಣಿದಾರರನ್ನು ಕೇಳಿರಿ.

ಇನ್ನು ಕೇಳುವ ಕ್ರಮ. ಕಕ್ಷಿದಾರನು ಹೇಳಿದ್ದನ್ನು ಅವನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಳೆಯ ಸಾಕ್ಷ್ಯ ಅಧಿನಿಯಮದ 126ನೆಯ ಕಲಮಿನಲ್ಲಿದ್ದ ಆ ಕಟ್ಟಳೆ ಇಂದಿನ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿದೆ. ಆದುದರಿಂದ ಹೆಸರು, ಊರು, ಸರ್ವೆ ನಂಬರು ಬಿಟ್ಟು ಪ್ರಶ್ನೆಯನ್ನಷ್ಟೇ ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮಂಥ ಊರಿನಲ್ಲಿ ಹೆಸರು ಬಿಟ್ಟರೂ ಗುರುತು ಹತ್ತುತ್ತದೆ. ಅಂಥಲ್ಲಿ ಬೇರೆ ಊರಿನವರನ್ನು ಕೇಳಿರಿ: ಗಡಹಿಂಗ್ಲಜದವರು ಇಚಲಕರಂಜಿಯವರನ್ನು, ಇಚಲಕರಂಜಿಯವರು ಕೊಲ್ಹಾಪುರದವರನ್ನು. ಅವರು ಎದುರುಪಕ್ಷದಲ್ಲಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿರಿ. ವಿವರ ಹೇಳಲೇಬೇಕಾದರೆ ಕಕ್ಷಿದಾರನ ಒಪ್ಪಿಗೆ ಪಡೆಯಿರಿ. ಪ್ರಶ್ನೆಯನ್ನು ಬರೆಯತೊಡಗಿದಾಗಲೇ ಅರ್ಧ ಉತ್ತರ ಹೊಳೆಯುತ್ತದೆಂಬುದು ನಮ್ಮ ಶಿಕ್ಷಕರ ಅನುಭವ.

ಸಂಕಟ ಬಂದಾಗ ಕೇಳುವುದು ಒಂದು ಬಗೆ. ಸಂಕಟವಿಲ್ಲದಾಗಲೂ ತೋರಿಸುವುದು ಇನ್ನೊಂದು ಬಗೆ, ಮತ್ತು ಹೆಚ್ಚು ಕಠಿಣವಾದದ್ದು. ನನ್ನದೇ ಒಂದು ಅನುಭವ ಹೇಳುತ್ತೇನೆ. ಹದಿನೈದು ವರ್ಷ ಪಾಠ ಹೇಳಿದ ಮೇಲೆ ನೆರೆಯ ಮರಾಠಿ ಶಾಲೆಯ ಒಬ್ಬ ಶಿಕ್ಷಕಿಯನ್ನು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲು ಕೇಳಿಕೊಂಡೆ. ಆಕೆಗೆ ಕನ್ನಡ ಅಷ್ಟಾಗಿ ತಿಳಿಯದು. ತಾಸು ಮುಗಿದ ಮೇಲೆ ಆಕೆ ಹೇಳಿದ್ದು ಒಂದೇ ಮಾತು: ‘ಬಾಯಿ, ಕಿಟಕಿಯ ಕಡೆಯ ಹುಡುಗಿಯರಿಗೆ ನೀವು ಒಂದೂ ಪ್ರಶ್ನೆ ಕೇಳಲಿಲ್ಲ.’ ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹದಿನೈದು ವರ್ಷಗಳಲ್ಲಿ ಆ ಕಿಟಕಿಯ ಬಳಿ ಎಷ್ಟು ಮಕ್ಕಳು ಕುಳಿತುಹೋಗಿದ್ದರೋ! ನನ್ನ ಮೇಲಧಿಕಾರಿಗಳ ತಪಾಸಣೆಯಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ. ಅದನ್ನು ಹೇಳಲು ನನ್ನಂತೆಯೇ ಪಾಠ ಹೇಳುವ ಸಮಾನಳೊಬ್ಬಳು ಬೇಕಾಯಿತು.

ಹಾಗೆಯೇ ನೀವು ನಾಲ್ಕೈದು ಮಂದಿ ತಿಂಗಳಿಗೊಮ್ಮೆ ಕೂಡಿರಿ. ಪ್ರತಿಯೊಬ್ಬರೂ ಹೆಸರುಗಳನ್ನು ಮರೆಮಾಡಿದ ಒಂದು ಕರಡನ್ನು ತನ್ನಿರಿ. ಸೋತ ಒಂದು ಮೊಕದ್ದಮೆಯ ಕಥೆಯನ್ನೂ ತನ್ನಿರಿ. ಗೆದ್ದದ್ದನ್ನು ಬಾರ್ ರೂಮಿನಲ್ಲಿ ಹೇಳಿಕೊಳ್ಳಲು ಅವಕಾಶವುಂಟು, ಸೋತದ್ದನ್ನು ಹೇಳಲು ಜಾಗವಿಲ್ಲ. ಅಲ್ಲಿ ಕೇಳಿದ್ದನ್ನು ಹೊರಗೆ ಒಯ್ಯಬಾರದು, ಅಲ್ಲಿ ಪ್ರಸ್ತಾಪವಾದ ಕಕ್ಷಿದಾರನನ್ನು ಯಾರೂ ಸೆಳೆಯಬಾರದು ಎಂಬ ಎರಡು ಕಟ್ಟಳೆಗಳಿರಲಿ. ಈ ಮಾತನ್ನು ನಾನು ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳಿಗೆ ಹೇಳುತ್ತೇನೆ. ಬಾರ್ ರೂಮಿನ ಚಹಾದ ಮೇಜಿನ ಸುತ್ತ ನಡೆಯುವ ಸಹಜ ಸಲಹೆ ನಿಮಗೆ ಅಷ್ಟು ಸುಲಭವಾಗಿ ದೊರೆಯುವುದಿಲ್ಲವೆಂದು ನಿಮ್ಮಲ್ಲಿ ಕೆಲವರು ನನಗೆ ಹೇಳಿದ್ದೀರಿ. ನಿಮಗೆ ಇಂಥ ಕೂಟ ಇನ್ನೂ ಅವಶ್ಯ.

ಹಿರಿಯರು ಕಿರಿಯರನ್ನು ಕೇಳಬಾರದೆಂದೂ ಇಲ್ಲ. 2024ರ ಜುಲೈ 1ರಂದು ಮೂರು ಹೊಸ ಕಾನೂನುಗಳು ಜಾರಿಗೆ ಬಂದವು. 1860ರ ದಂಡ ಸಂಹಿತೆಯ 511 ಕಲಮುಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 358 ಕಲಮುಗಳು ಬಂದವು. ಊರಿನ ಹುಡುಗರಿಗೂ ಬಾಯಿಪಾಠವಾಗಿದ್ದ 302 ಅಂದಿನಿಂದ 103 ಆಯಿತು. ಆ ಬೆಳಿಗ್ಗೆ ಮೂವತ್ತು ವರ್ಷದ ಅನುಭವಿಯೂ ಮೂರು ದಿನದ ಹೊಸಬನೂ ಒಂದೇ ಪುಸ್ತಕವನ್ನು ತೆರೆಯಬೇಕಾಯಿತು.

ವಕೀಲರು ಕೂಡಿದರೆ ಏನಾಗಬಲ್ಲದೆಂಬುದಕ್ಕೆ ಕೊಲ್ಹಾಪುರವೇ ಸಾಕ್ಷಿ. ಕೊಲ್ಹಾಪುರ, ಸಾತಾರಾ, ಸಾಂಗಲಿ, ಸೋಲಾಪುರ, ರತ್ನಾಗಿರಿ, ಸಿಂಧುದುರ್ಗ ಈ ಆರು ಜಿಲ್ಲೆಗಳ ವಕೀಲರು ದಶಕಗಳ ಕಾಲ ಒಟ್ಟಾಗಿ ಕೇಳಿದರು. 2025ರ ಆಗಸ್ಟ್ 17ರಂದು ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠವನ್ನು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಭೂಷಣ ಗವಯಿಯವರು ಕೊಲ್ಹಾಪುರದಲ್ಲಿ ಉದ್ಘಾಟಿಸಿದರು. ಮರುದಿನದಿಂದ ಕಲಾಪ ಆರಂಭವಾಯಿತು. ಆ ಪೀಠಕ್ಕೆ ಆಧಾರವಾದದ್ದು 1956ರ ರಾಜ್ಯ ಪುನರ್‌ವಿಂಗಡಣಾ ಕಾಯಿದೆಯ 51ನೆಯ ಕಲಮು. ನಮ್ಮ ಮತ್ತು ಸಂಕೇಶ್ವರದ ನಡುವೆ ಗೆರೆ ಎಳೆದದ್ದೂ ಅದೇ ಕಾಯಿದೆಯೇ. ಮೊದಲು ಮೇಲ್ಮನವಿಯ ಕಾಗದಗಳನ್ನು ಮುಂಬಯಿಯ ವಕೀಲರಿಗೆ ಒಪ್ಪಿಸಿ ಸುಮ್ಮನಾಗುತ್ತಿದ್ದ ನಮ್ಮ ತಾಲೂಕಿನ ವಕೀಲನು ಈಗ ಬೆಳಿಗ್ಗೆ ಹೋಗಿ ತನ್ನ ಮೊಕದ್ದಮೆಯ ವಾದವನ್ನು ಕೇಳಿ ಸಂಜೆಗೆ ಮರಳಬಹುದು. ಎಲ್ಲಿ ತಪ್ಪಿದೆ, ಎಲ್ಲಿ ಸರಿಯಿದೆ ಎಂದು ಕಲಿಯಲು ಇದಕ್ಕಿಂತ ದೊಡ್ಡ ಶಾಲೆ ಇನ್ನೊಂದಿಲ್ಲ.

ಕೇಳುವುದು ಒಂದು ಕಡೆಯದಾದರೆ, ಉತ್ತರಿಸುವುದು ಇನ್ನೊಂದು ಕಡೆಯದು. ಗಡಿಭಾಗದ ಕುಟುಂಬಗಳ ಆಸ್ತಿ ಇಂದಿಗೂ ಎರಡೂ ರಾಜ್ಯಗಳಲ್ಲಿ ಹಂಚಿಕೊಂಡಿದೆ. ಇಂಥ ಸ್ಥಿರಾಸ್ತಿಗೆ ಯಾವ ತುಂಡಾದರೂ ಇರುವ ಒಂದು ನ್ಯಾಯಾಲಯದಲ್ಲಿ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೆಯ ಕಲಮು ಅವಕಾಶ ಕೊಡುತ್ತದೆ. ಆದರೆ ಈಚೆಯ ಸಾತಬಾರಾ ಉತಾರೆ ಮರಾಠಿಯಲ್ಲಿ, ಆಚೆಯ ಪಹಣಿ ಕನ್ನಡದಲ್ಲಿ. ಎರಡನ್ನೂ ಓದಿ ಅರ್ಥಮಾಡಿಕೊಳ್ಳಬಲ್ಲ ವಕೀಲರು ಯಾರು? ಈ ಶಾಲೆಯಲ್ಲಿ ಕಲಿತ ನೀವು. ಮರಾಠಿ ಸ್ನೇಹಿತರು ಪಹಣಿಯ ಹಾಳೆ ಹಿಡಿದು ಬಂದಾಗ, ಆಚೆಯವರು ಉತಾರೆ ಹಿಡಿದು ಬಂದಾಗ, ಅವರ ಸಂಕೋಚವನ್ನು ಅರಿತು ಉತ್ತರಿಸಿರಿ. ಕೇಳಲು ಬಂದವರನ್ನು ಸಣ್ಣವರೆಂದು ಕಾಣದಿರಿ.

ಪಾಲಕರಿಗೆ ಒಂದು ವಿನಂತಿ. ನಿಮ್ಮ ವಕೀಲರು ‘ಇದನ್ನು ಇನ್ನೊಬ್ಬರಿಗೆ ತೋರಿಸಿ ಹೇಳುತ್ತೇನೆ’ ಎಂದರೆ ಅವರ ವಿದ್ಯೆಯನ್ನು ಸಂಶಯಿಸಬೇಡಿರಿ. ಸಂಶಯಿಸಬೇಕಾದದ್ದು ಎಲ್ಲ ಪ್ರಶ್ನೆಗೂ ತಕ್ಷಣ ಉತ್ತರ ಕೊಡುವವರನ್ನು. ಶುಲ್ಕ ಕೊಡುವ ಶಕ್ತಿಯಿಲ್ಲದವರು ತಾಲೂಕು ವಿಧಿ ಸೇವಾ ಸಮಿತಿಯನ್ನು ಕಾಣಬಹುದು. 1987ರ ಕಾಯಿದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವುಂಟು. ನಮ್ಮ ಪಡಸಾಲೆಗೆ ಬಂದ ಆ ತಾಯಿಯ ಕಾಲಕ್ಕೆ ಅದು ಇರಲಿಲ್ಲ.

ಕೊನೆಯ ಮಾತು. ಆ ಪ್ರಕರಣದ ನಂತರ ತಂದೆಯವರು ಬದಲಾದರು. ಗಡಿಯಾಚೆಯ ಕಾಗದ ಯಾವುದೇ ಬರಲಿ, ಶನಿವಾರ ಸಂಕೇಶ್ವರದ ಬಸ್ಸು ಹತ್ತುತ್ತಿದ್ದರು. ಆ ತಾಯಿಗೆ ಅದರಿಂದ ಏನೂ ಮರಳಲಿಲ್ಲ. ಆಕೆ ಮಾತ್ರ ಹಬ್ಬಕ್ಕೊಮ್ಮೆ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ತಂದೆಯವರು ಆಕೆಯ ಮುಖವನ್ನು ನೋಡಿ ಮಾತನಾಡಿದ್ದನ್ನು ನಾನು ಕಾಣಲಿಲ್ಲ.

ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಒಂದು ಸಂಗತಿಯನ್ನು ತಿಳಿಸುತ್ತೇನೆ. ಪ್ರತಿ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ಏಳನೆಯ ಇಯತ್ತೆಯ ಕೋಣೆಯನ್ನು ನಿಮಗಾಗಿ ತೆರೆದಿಡುತ್ತೇವೆ. ಮುಂದಿನ ವರ್ಷ ನಾನು ನಿವೃತ್ತಳಾಗುತ್ತೇನೆ. ಕೀಲಿಕೈ ಮಾತ್ರ ಕಚೇರಿಯಲ್ಲಿ ಇರುತ್ತದೆ. ಬೆಂಚುಗಳು ನಿಮಗೆ ಈಗ ಚಿಕ್ಕವಾಗಿವೆ, ಆದರೂ ಕುಳಿತುಕೊಳ್ಳಬಹುದು. ಚಹಾದ ವ್ಯವಸ್ಥೆಯನ್ನು ಶಾಲೆಯೇ ಮಾಡುತ್ತದೆ.